ಮಾಡು ಕುಸಿದ ಮನೆಯ ಹಾಡು

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಹಿಂದಿನ ಕಾಲವನ್ನು ನೆನೆದು ಹಾಡುವ ಗೀತೆಗಳ ದೊಡ್ಡ ಪರಂಪರೆಯೇ ಇದೆ. ಅದರ ಆರಂಭದಲ್ಲಿ ನಿಲ್ಲುವುದು ‘ದ ಲಿಟಲ್ ಓಲ್ಡ್ ಲಾಗ್ ಕ್ಯಾಬಿನ್ ಇನ್ ದ ಲೇನ್’. ಕೆಂಟಕಿಯ ಲೂಯಿವಿಲ್ ನಗರದ ವಿಲ್ ಎಸ್. ಹೇಸ್ ಇದನ್ನು 1871ರಲ್ಲಿ ರಚಿಸಿದ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಒಬ್ಬಂಟಿಯಾಗಿ ಉಳಿದ ಮುದುಕ, ತನ್ನ ಸುತ್ತ ಏನೇನು ಅಳಿದುಹೋಯಿತೆಂದು ಹೇಳಿಕೊಳ್ಳುತ್ತಾನೆ. ಜೊತೆಯವರು ಇಲ್ಲ, ಮೈಯಲ್ಲಿ ಕಸುವಿಲ್ಲ. ಮಾಡು ಕುಸಿಯುತ್ತಿದೆ, ಬೇಲಿ ಹಾಳಾಗುತ್ತಿದೆ, ಗುಡ್ಡ ಬಳಸಿ ಹೋಗುವ ಕಾಲುದಾರಿ ಮುಚ್ಚಿಹೋಗಿದೆ, ತೊರೆ ಬತ್ತಿದೆ. ಬಳಿಯಲ್ಲಿರುವುದು ಹಳೆಯ ನಾಯಿ ಮಾತ್ರ. ಕಾಲದ ಬಗ್ಗೆ ತತ್ವ ಹೇಳದೆ, ಕಣ್ಣಿಗೆ ಕಾಣುವ ಇಂಥ ವಸ್ತುಗಳಿಂದಲೇ ಕಾಲ ಸರಿದದ್ದನ್ನು ತಿಳಿಸುವುದು ಹಾಡಿನ ಬಲ.

ಈ ಬಲದ ಜೊತೆಗೇ ಒಂದು ಅನ್ಯಾಯವೂ ಅಂಟಿಕೊಂಡಿದೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರಂತೆ ನಟಿಸುತ್ತಿದ್ದ ಮಿನ್‌ಸ್ಟ್ರೆಲ್ ರಂಗಕ್ಕೆ ಸೇರಿದ ಹಾಡಿದು. ಅದರಲ್ಲಿ ಮಾತಾಡುವ ಮುದುಕ ತೋಟದಲ್ಲಿ ಗುಲಾಮನಾಗಿ ದುಡಿದವನು. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಗಿ ಆರೇ ವರ್ಷವಾಗಿದ್ದಾಗ, ಅವನ ಬಾಯಿಂದಲೇ ಒಡೆಯ ಒಡತಿಯರಿದ್ದ ದಿನಗಳಿಗಾಗಿ ಹಂಬಲಿಸುವ ಮಾತು ಆಡಿಸಲಾಯಿತು. ನೊಂದವನ ಹೆಸರಿನಲ್ಲಿ ನೋಯಿಸಿದವರ ಕಾಲವನ್ನು ಹೊಗಳುವ ಈ ರೂಢಿಯನ್ನು ಅಂದಿನ ಅಭಿರುಚಿ ಎಂದು ಹೇಳಿ ಬಿಟ್ಟುಬಿಡಲಾಗದು.

ಧಾಟಿ ಮಾತ್ರ ಬೇಗನೆ ಪದಗಳಿಂದ ಕಳಚಿಕೊಂಡು ಊರೂರು ತಿರುಗಿತು. ಪಶ್ಚಿಮದ ಬಯಲಿಗೆ ಹೋಗಿ ನೆಲೆಸಿದವರು ಅದಕ್ಕೆ ತಮ್ಮ ಹುಲ್ಲುಹೆಂಟೆಯ ಗುಡಿಸಲಿನ ಹಾಡು ಕಟ್ಟಿಕೊಂಡರು. ರೈಲ್ವೆ ಕೆಲಸಗಾರರು ಗೂಡ್ಸ್ ಗಾಡಿಯ ಕೊನೆಯ ಕೆಂಪು ಡಬ್ಬಿಯ ಮೇಲೆ ಹಾಡಿದರು. ಕ್ರೈಸ್ತ ಭಕ್ತಿಗೀತೆಯೊಂದೂ ಅದೇ ಧಾಟಿಯಲ್ಲಿ ಜನಪ್ರಿಯವಾಯಿತು.

1923ರ ಜೂನ್‌ನಲ್ಲಿ ಜಾರ್ಜಿಯದ ಅಟ್ಲಾಂಟಾ ನಗರಕ್ಕೆ ಓಕೆ ಎಂಬ ಗ್ರಾಮಫೋನ್ ತಟ್ಟೆಗಳ ಕಂಪನಿಯ ರಾಲ್ಫ್ ಪಿಯರ್ ಧ್ವನಿಮುದ್ರಣ ಯಂತ್ರಗಳೊಂದಿಗೆ ಬಂದಿಳಿದ. ಅಲ್ಲಿ ಪೀಠೋಪಕರಣಗಳ ಜೊತೆ ಗ್ರಾಮಫೋನ್ ತಟ್ಟೆಗಳನ್ನೂ ಮಾರುತ್ತಿದ್ದ ಪೋಕ್ ಬ್ರಾಕ್‌ಮನ್, ಪಿಟೀಲುವಾದಕ ಜಾನ್ ಕಾರ್ಸನ್‌ನ ಹಾಡುಗಳನ್ನು ಮುದ್ರಿಸಬೇಕೆಂದು ಒತ್ತಾಯಿಸಿದ. ಕಾರ್ಸನ್ ಆಯ್ದುಕೊಂಡ ಹಾಡುಗಳಲ್ಲಿ ಹೇಸ್‌ನ ಮುದುಕನ ಹಾಡೂ ಒಂದು. ಆ ಒರಟು ಗಾಯನ ಪಿಯರ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಬ್ರಾಕ್‌ಮನ್ 500 ಪ್ರತಿಗಳನ್ನು ತಾನೇ ಕೊಳ್ಳುವುದಾಗಿ ಹೇಳಿದ್ದರಿಂದ ತಟ್ಟೆ ಅಚ್ಚಾಯಿತು. ಅಷ್ಟೂ ಬೇಗನೆ ಖರ್ಚಾಗಿ ಮತ್ತೆ ಬೇಡಿಕೆ ಬಂದಾಗ, ದಕ್ಷಿಣದ ಹಳ್ಳಿಗರ ಸಂಗೀತಕ್ಕೆ ಮಾರುಕಟ್ಟೆಯಿದೆ ಎಂಬುದು ಕಂಪನಿಗಳಿಗೆ ಮನವರಿಕೆಯಾಯಿತು.

ಈ ಹಾಡನ್ನು ಕೊಂಡವರು ಯಾರು ಎಂಬುದನ್ನು ನೋಡಿದರೆ ಅದರ ಯಶಸ್ಸು ಅರ್ಥವಾಗುತ್ತದೆ. ಉತ್ತರ ಜಾರ್ಜಿಯದ ಗುಡ್ಡಗಾಡಿನ ಕಾರ್ಸನ್ ಅಟ್ಲಾಂಟಾಕ್ಕೆ ಬಂದು ಹತ್ತಿ ಗಿರಣಿಗಳಲ್ಲಿ ದುಡಿದವನು. ಅವನಂತೆಯೇ ಸಾವಿರಾರು ಬಡ ಬಿಳಿಯ ಕುಟುಂಬಗಳು ಹೊಲಮನೆ ಬಿಟ್ಟು ಗಿರಣಿಯ ಕೇರಿಗಳಿಗೆ ಬಂದಿದ್ದವು. ಅವರಿಗೆ ಹಾಡಿನ ಗುಡಿಸಲು ತೋಟದ ಗುಲಾಮನದಾಗಿ ಉಳಿಯಲಿಲ್ಲ. ತಾವು ಬಾಗಿಲು ಹಾಕಿ ಬಂದ ಮನೆಯಾಯಿತು. ಗಿರಣಿಯ ಸೈರನ್ನಿಗೆ ಏಳುವ ಬದುಕು ಶುರುವಾದ ಮೇಲೆಯೇ ಹೊಲದ ದಿನಗಳಿಗೆ ಅಷ್ಟು ಹೊಳಪು ಬಂದದ್ದು. ಅಲ್ಲಿನ ಸಾಲ, ಹಸಿವು ಹಾಡಿನಲ್ಲಿ ಹಿಂದೆ ಸರಿದವು.

ಇದೇ ಹಂಬಲ ಮುಂದಿನ ಹಾಡುಗಾರರಲ್ಲೂ ಮುಂದುವರಿಯಿತು. ಪಿಯರ್ 1927ರಲ್ಲಿ ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ ‘ಕಾರ್ಟರ್ ಕುಟುಂಬ’ ಎಂಬ ಗಾಯನ ತಂಡದ ಹಾಡುಗಳನ್ನು ಮುದ್ರಿಸಿದ. ಬಿಟ್ಟುಬಂದ ಮನೆ, ತೀರಿಕೊಂಡ ತಾಯಿ, ಮತ್ತೆ ಕೂಡುವ ಆಸೆ ಇವರ ಹಾಡುಗಳ ಜೀವಾಳ. ಹಳೆಯ ಹಾಡುಗಳನ್ನು ಹುಡುಕಿಕೊಂಡು ತಂಡದ ಎ.ಪಿ. ಕಾರ್ಟರ್ ಬೆಟ್ಟದೂರುಗಳನ್ನು ಅಲೆದಾಗ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಪದ ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿಟ್ಟುಕೊಂಡು ಬರುತ್ತಿದ್ದ. ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಮೇಬೆಲ್ ಕಾರ್ಟರ್ ರಿಡಲ್‌ನ ಕೈಚಳಕದಿಂದಲೂ ಕಲಿತಳು. ತಟ್ಟೆಗಳ ಮೇಲೆ ಮಾತ್ರ ಅವನ ಹೆಸರು ಇರಲಿಲ್ಲ. 1960ರ ದಶಕದಲ್ಲಿ ಸಂಗೀತಗಾರ ಮೈಕ್ ಸೀಗರ್ ಅವನನ್ನು ಹುಡುಕಿ ಹೋಗಿ ಅವನ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿಕೊಂಡ. ಆ ಹಾಡುಗಳು ಆಲ್ಬಮ್ ಆಗಿ ಹೊರಬಂದದ್ದು 1993ರಲ್ಲಿ, ರಿಡಲ್ ತೀರಿಕೊಂಡ ಮೇಲೆ.