ಕೌದಿ: ಗೃಹೇತಿಹಾಸದ ಒಂದು ಉಪೇಕ್ಷಿತ ಆಕರ

ಧಾರವಾಡ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಶಾಸನಗಳನ್ನೂ ತಾಳೆಯೋಲೆಗಳನ್ನೂ ಸರಕಾರದ ಕಡತಗಳನ್ನೂ ಆಶ್ರಯಿಸುವುದು ರೂಢಿ. ಅದು ಯುಕ್ತವೇ ಸರಿ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾದಂದಿನಿಂದ ಇಂತಹ ಆಕರಗಳ ಸಂಗ್ರಹಣೆಯ ಕಾರ್ಯವು ಈ ಊರಿನ ವಿದ್ವತ್ಪರಂಪರೆಯ ಅಂಗವೇ ಆಗಿದೆ. ಆದರೆ ಕಲ್ಲಿನಲ್ಲಿ ಕೊರೆಯಿಸಿದವರು ಬಹುಮಟ್ಟಿಗೆ ಅರಸರು, ದಂಡನಾಯಕರು, ಸೆಟ್ಟಿಗಳು. ಅವರ ರಾಜ್ಯದಲ್ಲಿ ಬಾಳಿ ಹೋದ ಸಾಮಾನ್ಯ ಗೃಹಿಣಿಯು ಏನನ್ನಾದರೂ ಉಳಿಸಿ ಹೋಗಿರುವಳೋ ಎಂಬ ಪ್ರಶ್ನೆಗೆ ಒಂದು ಉತ್ತರವು ನಮ್ಮ ಮನೆಗಳ ಅಟ್ಟದ ಮೇಲೆಯೇ ಮಡಿಚಿಟ್ಟಿದೆ. ಅದೇ ಕೌದಿ.

ಕೌದಿ ಹೊಲಿಯುವುದು ನಮ್ಮ ಬಹುಕಾಲದ ಹವ್ಯಾಸ. ಪಾಠ ಹೇಳುವುದು ವೃತ್ತಿ. ರಜೆಯ ದಿನಗಳಲ್ಲಿ ಹಳೆಯ ಅರಿವೆಗಳನ್ನು ಕೂಡಿಸಿ ಸೂಜಿ ಹಿಡಿದು ಕೂಡುವುದು ಪ್ರೀತಿ. ಇತಿಹಾಸದ ಪತ್ರಿಕೆಯಲ್ಲಿ ಹವ್ಯಾಸದ ಮಾತನ್ನು ಎತ್ತಿದ್ದಕ್ಕೆ ವಾಚಕರು ಕ್ಷಮಿಸಬೇಕು. ಕೈಯಲ್ಲಿ ಸೂಜಿ ಇಲ್ಲದಿದ್ದರೆ ಮುಂದೆ ಹೇಳಲಿರುವ ವಿಚಾರಗಳು ನಮಗೆ ಹೊಳೆಯುತ್ತಲೇ ಇರಲಿಲ್ಲವೆಂಬುದೇ ನಮ್ಮ ಸಮರ್ಥನೆ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಉಟ್ಟು ಸವೆದ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆಗಳನ್ನಿಟ್ಟು, ಅಂಚಿನಿಂದ ಅಂಚಿನವರೆಗೆ ಸಾಲುಸಾಲಾಗಿ ದಾರವನ್ನು ಓಡಿಸಿದರೆ ಕೌದಿಯಾಗುತ್ತದೆ. ಕೆಲವು ಮನೆಗಳಲ್ಲಿ ಅತ್ತೆ ಸೊಸೆಯರೇ ಹೊಲಿಯುವರು. ಕೆಲವೆಡೆ ಬೇಸಿಗೆಯಲ್ಲಿ ಓಣಿಗೆ ಬರುವ ಅಲೆಮಾರಿ ಸಮುದಾಯಗಳ ಹೆಂಗಸರು ಕಟ್ಟೆಯ ಮೇಲೆ ಕುಳಿತು ಕೂಲಿಗೆ ಹೊಲಿದುಕೊಡುವರು. ಅರಿವೆ ಮಾತ್ರ ಮನೆಯವರದೇ. ಕೂಸಿಗೆ ಹಾಸಲೂ ಮುದುಕರಿಗೆ ಹೊದೆಯಲೂ ಇದಕ್ಕಿಂತ ಮೃದುವಾದದ್ದು ಇನ್ನೊಂದಿಲ್ಲ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದಿದೆ. ಧಾರವಾಡವು ಹತ್ತಿಯ ನಾಡು. 1840ರ ದಶಕದಲ್ಲಿ ಇಲ್ಲಿಯ ಹೊಲಗಳಿಗೆ ಬಂದ ಅಮೆರಿಕದ ಬೀಜದ ಹತ್ತಿಯು 'ಧಾರವಾಡ ಅಮೆರಿಕನ್' ಎಂಬ ಹೆಸರಿನಿಂದ ದೂರದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. 1861ರಿಂದ 1865ರ ವರೆಗೆ ಅಮೆರಿಕದ ಅಂತರ್ಯುದ್ಧವು ನಡೆದಾಗ ಹತ್ತಿಯ ಬೆಲೆಯು ಏರಿ, ಇಲ್ಲಿಯ ಅರಳೆಯು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಸಾಗಿತು. ಇಂತಹ ನಾಡಿನ ಹೊದಿಕೆಯಲ್ಲಿ ಅರಳೆಯೇ ಇಲ್ಲದಿರುವುದೇಕೆ? ಬೆಳೆದ ಹತ್ತಿಯು ಮಾರುವುದಕ್ಕಾಗಿ ಇತ್ತು, ಮನೆಗೆ ಉಳಿದದ್ದು ಹರಕು ಮಾತ್ರ ಎಂಬುದು ಸುಲಭವಾಗಿ ತೋರುವ ಸಮಾಧಾನ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ನಾವು ಒಮ್ಮೆ ಒಳಗೆ ಅರಳೆಯನ್ನು ತುಂಬಿ ಹೊಲಿದ ಕೌದಿಯು ಮೊದಲನೆಯ ಒಗೆತಕ್ಕೇ ಗಂಟುಗಟ್ಟಿ ಕೆಟ್ಟುಹೋಯಿತು. ಅರಳೆಯ ಗಾದಿಯನ್ನು ಒಗೆಯಲಾಗದು. ಬಿಚ್ಚಿ ಪಿಂಜಾರನಿಂದ ಹಿಂಜಿಸಬೇಕು. ಅರಿವೆಯ ಪದರುಗಳ ಕೌದಿಯನ್ನಾದರೋ ಹಳ್ಳದಲ್ಲಿ ಕುಕ್ಕಿ ಒಗೆದು ಬಂಡೆಯ ಮೇಲೆ ಒಣಗಿಸಬಹುದು. ಆದುದರಿಂದ ಕೌದಿಯು ಕೇವಲ ದಾರಿದ್ರ್ಯದ ಫಲವಲ್ಲ, ಬಲ್ಲವರ ಆಯ್ಕೆಯೂ ಹೌದೆಂದು ನಮ್ಮ ಅಭಿಪ್ರಾಯ.

ಹರಕನ್ನು ಕೂಡಿಸಿ ಹೊಲಿಯುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ತುಂಡುಗಳನ್ನು ಜೋಡಿಸಿದ ವಸ್ತ್ರಕ್ಕೆ ಸಂಸ್ಕೃತದಲ್ಲಿ ಕಂಥಾ ಎಂದು ಹೆಸರು. ಕನ್ನಡದಲ್ಲಿ ಅದು ಕಂಥೆಯಾಗಿ, ವಿರಕ್ತರ ಉಡುಗೆಯನ್ನು ಸೂಚಿಸಿತು. ಮಗಧದ ಹೊಲಗಳ ಬದುಗಳಂತೆ ತೋರುವ ಹಾಗೆ ತುಂಡುಗಳನ್ನು ಜೋಡಿಸಿ ಭಿಕ್ಷುಗಳ ಚೀವರವನ್ನು ರೂಪಿಸಬೇಕೆಂದು ಬುದ್ಧನು ಆನಂದನಿಗೆ ಹೇಳಿದನೆಂದು ವಿನಯಪಿಟಕದ ಮಹಾವಗ್ಗದಲ್ಲಿದೆ. ವಿರಕ್ತನ ಕಂಥೆಯು ಸಂಸಾರವನ್ನು ಬಿಟ್ಟದ್ದರ ಕುರುಹು; ಗೃಹಿಣಿಯ ಕೌದಿಯು ಸಂಸಾರದ ಒಂದೆಳೆಯನ್ನೂ ಬಿಡದುದರ ಕುರುಹು. ಹೊಲಿಗೆಯೊಂದೇ, ಅರ್ಥವು ವಿರುದ್ಧ.

ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಹಳಿಯಾಳ, ಯಲ್ಲಾಪುರಗಳ ಅರಣ್ಯಪ್ರದೇಶದಲ್ಲಿ ಸಿದ್ದಿ ಜನರ ಹಾಡಿಗಳಿವೆ. ಇವರ ಪೂರ್ವಜರು ಆಫ್ರಿಕೆಯಿಂದ ಬಂದವರು. ಅನೇಕರು ಗುಲಾಮರಾಗಿ ತರಲ್ಪಟ್ಟವರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನವು ದೊರೆಯಿತು. ಇವರ ಹೆಂಗಸರು ಕವಂದಿ ಎಂದು ಕರೆಯುವ ಹೊದಿಕೆಯನ್ನು ಹೊರ ಅಂಚಿನಿಂದ ಹೊಲಿಯಲಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ಮೂಲೆಗಳಲ್ಲಿ 'ಫುಲಾ', ಎಂದರೆ ಹೂ ಎಂಬ ಮಡಿಕೆಯ ತುಂಡುಗಳನ್ನಿಡುವರು. ಅಮೆರಿಕದ ಕಲೇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕಲೆಯನ್ನು ಅಭ್ಯಸಿಸಿ ಲೋಕದ ಗಮನಕ್ಕೆ ತಂದಿದ್ದಾರೆ. ಅಮೆರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬಲ್ಲಿಯ ಆಫ್ರಿಕಮೂಲದ ಹೆಂಗಸರ ಹೊದಿಕೆಗಳೂ 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು. ಎರಡನ್ನೂ ಹೋಲಿಸುವ ಆಸೆಯು ಸಹಜ. ಆದರೆ ಸಾದೃಶ್ಯವೇ ಸಂಬಂಧಕ್ಕೆ ಪ್ರಮಾಣವಾಗದು. ಸಿದ್ದಿಗಳ ನೆರೆಹೊರೆಯ ರೈತರ ಮನೆಗಳಲ್ಲಿಯೂ ಕೌದಿಯುಂಟೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಇನ್ನು ಕಾಲನಿರ್ಣಯದ ಮಾತು. ಕೌದಿಯು ಹರಿದಾಗ ಅದನ್ನು ಬಿಸುಡುವುದಿಲ್ಲ. ಅದರ ಮೇಲೆಯೇ ಹೊಸ ಮೈಯನ್ನು ಹೊಲಿಯುವರು. ಹೀಗೆ ಹಳೆಯ ಕೌದಿಯು ಹೊಸದರ ಹೊಟ್ಟೆಯಾಗುತ್ತದೆ. ಉತ್ಖನನ ಮಾಡುವವರಿಗೆ ಮಣ್ಣಿನ ಸ್ತರಗಳು ಹೇಗೋ ನಮಗೆ ಈ ಪದರುಗಳು ಹಾಗೆ. ಒಳಗಿನದು ಸಾಮಾನ್ಯವಾಗಿ ಹಿಂದಿನದು. ಬಣ್ಣವೂ ಸಾಕ್ಷ್ಯ ನುಡಿಯುತ್ತದೆ. ಮೊದಲ ಕೃತಕ ಬಣ್ಣವು 1856ರಲ್ಲಿ ಇಂಗ್ಲಂಡಿನಲ್ಲಿ ಸಿದ್ಧವಾಯಿತು. ಆದುದರಿಂದ ಅಂತಹ ಬಣ್ಣದ ತುಂಡು ಅದಕ್ಕಿಂತ ಹಿಂದಿನದಾಗಿರಲಾರದು. ಪಾಲಿಯೆಸ್ಟರ್ ನೂಲು 1941ರ ಶೋಧ. ಆದರೆ ನೀಲಿಯ ವಿಷಯದಲ್ಲಿ ಕಣ್ಣನ್ನು ನಂಬಲಾಗದು. 1897ರಲ್ಲಿ ಪೇಟೆಗೆ ಬಂದ ಕೃತಕ ನೀಲಿಯೂ ಗಿಡದ ನೀಲಿಯೂ ದ್ರವ್ಯದೃಷ್ಟಿಯಿಂದ ಒಂದೇ. ಅಲ್ಲದೆ ಅರಿವೆಯ ಕಾಲವೇ ಹೊಲಿಗೆಯ ಕಾಲವಲ್ಲ. ಅಜ್ಜಿಯ ಸೀರೆಯನ್ನು ಮೊಮ್ಮಗಳು ತೇಪೆ ಹಾಕಿರಬಹುದು.

ಈ ಪದ್ಧತಿಯ ಮಿತಿಯು ನಮಗೆ ಅರಿವಾದದ್ದು ನಮ್ಮ ಮನೆಯಲ್ಲಿಯೇ. ನಮ್ಮ ತಾಯಿಯವರು ತೀರಿಕೊಂಡ ಬಳಿಕ ಅವರು ಹೊದೆಯುತ್ತಿದ್ದ ಕೌದಿಯನ್ನು ಬಿಸಿಲಿಗೆ ಹಾಕಿದಾಗ ಒಂದು ಮಗ್ಗುಲು ಹರಿದಿದ್ದು ಕಂಡಿತು. ಮೇಲೆ ಛಾಪಿನ ಅರಿವೆ. ಅದರ ಕೆಳಗೆ ಇಳಕಲ್ ಸೀರೆಯ ದಡಿ, ಅದು ಅವರದೇ ಎಂದು ಬಲ್ಲೆವು. ಅದರ ಕೆಳಗೆ ಧೋತರದ ಬಿಳುಪು, ಪ್ರಾಯಶಃ ತಂದೆಯವರದು. ಎಲ್ಲಕ್ಕೂ ಕೆಳಗೆ ಕೈನೂಲಿನ ಒರಟಾದ ನೀಲಿ ಅರಿವೆಯೊಂದು. ಅದನ್ನು ಯಾರು ಉಟ್ಟಿದ್ದರು? ಹೇಳಬಲ್ಲವರು ಈಗ ಯಾರೂ ಇಲ್ಲ. ಇಪ್ಪತ್ತು ವರ್ಷ ಅದೇ ಕೌದಿಯ ಮಗ್ಗುಲಲ್ಲಿ ಮಲಗಿದ ನಾವು ಒಂದು ದಿನವಾದರೂ ಕೇಳಲಿಲ್ಲ. ಊರೂರಿನ ಶಾಸನಗಳನ್ನು ಓದಲು ಹೋದೆವು. ಮನೆಯ ಶಾಸನವನ್ನು ಓದಬಲ್ಲವರು ಎದುರಿಗಿದ್ದಾಗ ಸುಮ್ಮನಿದ್ದೆವು.

ಹೊಲಿಗೆಯನ್ನು ಬಿಚ್ಚಿದ್ದರೆ ನೀಲಿಯ ತುಂಡು ಪೂರ್ತಿಯಾಗಿ ದೊರೆಯುತ್ತಿತ್ತು. ಅದರ ಅಂಚಿನಿಂದ ಏನಾದರೂ ತಿಳಿಯಲೂಬಹುದಿತ್ತು. ಆದರೆ ತಾಯಿಯವರ ಕೈಯ ದಾರವು ಹೋಗುತ್ತಿತ್ತು. ಶಾಸನದ ಕಲ್ಲನ್ನು ಓದುವುದಕ್ಕಾಗಿ ಒಡೆಯುವ ಸಂಶೋಧಕನಿಲ್ಲ. ಕಂಡಷ್ಟನ್ನು ಅಳೆದು ಬರೆದುಕೊಂಡು, ಅವರ ಕೊನೆಯ ಸೀರೆಯ ಒಂದು ತುಂಡನ್ನು ಆ ಹರಕಿನ ಮೇಲಿಟ್ಟು ಹೊಲಿದೆವು.

ಈಗ ಯಂತ್ರದ ರಗ್ಗುಗಳು ಅಗ್ಗವಾಗಿ ದೊರೆಯುತ್ತವೆ. ಕೌದಿಯು ಒಂದು ಕಡೆ ಮೂಲೆಗೆ ಬೀಳುತ್ತಿದೆ, ಇನ್ನೊಂದು ಕಡೆ ಪ್ರದರ್ಶನದ ವಸ್ತುವಾಗುತ್ತಿದೆ. ಎರಡರಲ್ಲಿಯೂ ಅದರ ಅರಿವೆಗಳು ಯಾರವೆಂಬ ತಿಳಿವಳಿಕೆಯು ಅಳಿಯುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಕೌದಿಯನ್ನು ಹಿರಿಯರ ಮುಂದೆ ಹರವಿರಿ. ಯಾವ ತುಂಡು ಯಾರದು, ಯಾವ ಸಮಾರಂಭಕ್ಕೆ ಕೊಂಡದ್ದು, ಹೊಲಿದವರಾರು ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದು, ದಿನಾಂಕವನ್ನು ಹಾಕಿಡಿರಿ. ಇದಕ್ಕೆ ಒಂದು ಮಧ್ಯಾಹ್ನವು ಸಾಕು. ಕೌದಿಯು ಇನ್ನೂ ಕೆಲವು ವರ್ಷ ಬಾಳಬಹುದು. ಅದನ್ನು ಓದಬಲ್ಲವರು ಅಷ್ಟು ಕಾಲ ಇರುವರೆಂಬ ಭರವಸೆಯಿಲ್ಲ.