ಚುಚ್ಚುಮದ್ದಿನ ಪಿಚಕಾರಿಯೂ ಅಳತೆಯ ವಿವೇಕವೂ

ಔಷಧವು ಎಷ್ಟೇ ಶ್ರೇಷ್ಠವಾಗಿರಲಿ, ಅದನ್ನು ದೇಹದೊಳಕ್ಕೆ ಒಯ್ಯುವ ಉಪಕರಣವು ರೋಗಿಗೂ ಔಷಧಕ್ಕೂ ತಕ್ಕುದಲ್ಲದಿದ್ದರೆ ಚಿಕಿತ್ಸೆಯೇ ಅಪಾಯವಾಗಿ ಪರಿಣಮಿಸುವುದು. ಈ ವಿಚಾರವು ಭರತಖಂಡದ ಪ್ರಾಚೀನ ವೈದ್ಯರಿಗೆ ಅಪರಿಚಿತವಾಗಿರಲಿಲ್ಲ. ಪ್ರಾಣಿಗಳ ಮೂತ್ರಕೋಶದ ಚೀಲಕ್ಕೆ ನೇತ್ರವೆಂಬ ನಳಿಗೆಯನ್ನು ಕಟ್ಟಿ ಬಸ್ತಿಯಂತ್ರವನ್ನು ಮಾಡುತ್ತಿದ್ದರು. ಆ ನೇತ್ರವು ಒಂದು ವರ್ಷದ ಶಿಶುವಿಗೆ 6 ಅಂಗುಲ, 8 ವರ್ಷದ ಬಾಲಕನಿಗೆ 8 ಅಂಗುಲ, 16 ವರ್ಷದವನಿಗೆ 10 ಅಂಗುಲ ಉದ್ದವಿರಬೇಕೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ವಿಧಿಸುತ್ತದೆ. ಬಸ್ತಿಯು ಚರ್ಮವನ್ನು ಭೇದಿಸುವ ಸಾಧನವಲ್ಲ. ಆದಕಾರಣ ಇಂದಿನ ಸಿರಿಂಜು ಅಂದೇ ಇದ್ದಿತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ರೋಗಿಯನ್ನು ನೋಡಿ ಉಪಕರಣವನ್ನು ಆರಿಸಬೇಕೆಂಬ ತತ್ತ್ವವು ಅಲ್ಲಿ ನಿಸ್ಸಂದೇಹವಾಗಿ ಕಾಣುತ್ತದೆ.

ಚರ್ಮದಡಿಗೆ ಔಷಧವನ್ನು ಸೇರಿಸುವ ಪೊಳ್ಳುಸೂಜಿಯನ್ನು 1844ರಲ್ಲಿ ಡಬ್ಲಿನ್ ನಗರದ ಫ್ರಾನ್ಸಿಸ್ ರಿಂಡ್ ಎಂಬ ವೈದ್ಯನು ನರಶೂಲೆಗೆ ಪ್ರಯೋಗಿಸಿದನು. 1853ರಲ್ಲಿ ಫ್ರಾನ್ಸಿನ ಪ್ರವಾಜ್ ಎಂಬವನು ಬೆಳ್ಳಿಯ ಪಿಚಕಾರಿಯನ್ನು ಮಾಡಿಸಿದನು; ತಿರುಪನ್ನು ಸುತ್ತಿದಷ್ಟೇ ಔಷಧವು ಹೊರಬರುವುದು ಅದರ ವಿಶೇಷ. ಅದೇ ಕಾಲದಲ್ಲಿ ಎಡಿನ್‌ಬರೊದ ಅಲೆಕ್ಸಾಂಡರ್ ವುಡ್ಡನು ಗಾಜಿನ ಪಿಚಕಾರಿಯಿಂದ ಮಾರ್ಫಿನನ್ನು ಕೊಟ್ಟನು. ಒಳಗಿನ ದ್ರವವು ಕಣ್ಣಿಗೆ ಕಾಣುವಂತಾದುದರಿಂದ ಕೊಳವೆಯ ಮೇಲೆ ಅಳತೆಯ ಗೆರೆಗಳಿಗೆ ಅವಕಾಶವಾಯಿತು.

ಗೆರೆಗಳ ಮಹತ್ತ್ವವು ಪೂರ್ಣವಾಗಿ ವ್ಯಕ್ತವಾದುದು 1922ರಲ್ಲಿ ಟೊರಾಂಟೊವಿನಲ್ಲಿ ಮಧುಮೇಹಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟ ತರುವಾಯ. ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಆದ ಇನ್ಸುಲಿನ್ ಬಳಕೆಯಲ್ಲಿವೆ. ಒಂದೊಂದಕ್ಕೂ ಬೇರೆಬೇರೆ ಸಿರಿಂಜು ಉಂಟು. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ನೆಯ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 20 ಅಲ್ಲ, 50 ಯೂನಿಟ್ಟು. ರಕ್ತದ ಸಕ್ಕರೆಯು ಕುಸಿದು ರೋಗಿಯು ಮೂರ್ಛೆಹೋಗಬಹುದು, ಪ್ರಾಣವೇ ಹೋಗಬಹುದು. 40ರ ಔಷಧವನ್ನು 100ರ ಸಿರಿಂಜಿನ ಅದೇ ಗೆರೆಗೆ ಎಳೆದರೆ ದೊರೆಯುವುದು 8 ಯೂನಿಟ್ಟು ಮಾತ್ರ. ರೋಗವು ಒಳಗೊಳಗೇ ಬಲಿಯುವುದು. ಔಷಧವೂ ಶುದ್ಧ, ಸಿರಿಂಜೂ ಶುದ್ಧ. ಜೋಡಿ ಮಾತ್ರ ತಪ್ಪು.

ಗಾತ್ರದ ವಿಷಯವೂ ಹಾಗೆಯೇ. ನವಜಾತ ಶಿಶುವಿಗೆ ಕೊಡುವ ಬಿ.ಸಿ.ಜಿ. ಲಸಿಕೆಯ ಪ್ರಮಾಣವು 0.05 ಮಿಲಿಲೀಟರು. 5 ಮಿಲಿಲೀಟರಿನ ಸಿರಿಂಜಿನಲ್ಲಿ ಅದನ್ನು ಅಳೆಯುವುದು ಕೊಳಗದಿಂದ ಕುಂಕುಮವನ್ನು ಅಳೆದಂತೆ.

ಇನ್ನು ಶುಚಿತ್ವ. ಈಜಿಪ್ಟಿನಲ್ಲಿ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹುಳುರೋಗವೊಂದನ್ನು ಹೋಗಲಾಡಿಸಲು ಲಕ್ಷಾಂತರ ಜನರಿಗೆ ಚುಚ್ಚುಮದ್ದು ಕೊಡಲಾಯಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಿದ ಕಾರಣ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವ್ಯಾಧಿಯು ದೇಶದಲ್ಲಿ ಹಬ್ಬಿತು. ಉದ್ದೇಶವು ಪರೋಪಕಾರವೇ, ಫಲವು ವಿಪರೀತ. 1956ರಲ್ಲಿ ನ್ಯೂಜಿಲೆಂಡಿನ ಕಾಲಿನ್ ಮರ್ಡಕ್ಕನು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಸಿರಿಂಜನ್ನು ರೂಪಿಸಿದನು. ಎಸೆಯಬೇಕಾದುದನ್ನೂ ಜನರು ಮತ್ತೆ ಬಳಸುತ್ತಿದ್ದುದರಿಂದ, ಒಂದು ಸಲ ಒತ್ತಿದೊಡನೆ ತಾನಾಗಿ ಸಿಕ್ಕಿಕೊಳ್ಳುವ ಸಿರಿಂಜನ್ನೇ ಲಸಿಕೆಗೆ ಉಪಯೋಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫೂ 1999ರಲ್ಲಿ ಸಾರಿದುವು.

ಆದುದರಿಂದ ಗೃಹಸ್ಥರು ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಒಟ್ಟಿಗೆ ಓದಿ ನೋಡುವುದು, ಪೊಟ್ಟಣವನ್ನು ತಮ್ಮೆದುರಿಗೇ ಒಡೆಯಿಸುವುದು ಅಗತ್ಯ. ಇದು ವೈದ್ಯನ ಮೇಲಿನ ಅವಿಶ್ವಾಸವಲ್ಲ. ರೋಗಿಯ ಮೇಲಿನ ಅಕ್ಕರೆ.