ಹಿಂದಕ್ಕೆ ತಿರುಗಿದ ಮುಳ್ಳು

1974ರ ಮಾತು. ಒಂಬತ್ತನೆಯ ತರಗತಿಗೆ ನೀರಿನ ವಿದ್ಯುದ್ವಿಭಜನೆಯ ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದೆ. ಪ್ಲಾಟಿನಂ ತಗಡು ಬೇಕೆಂದು ಪುಸ್ತಕ ಹೇಳುತ್ತಿತ್ತು. ಹಳ್ಳಿಯ ಶಾಲೆಗೆ ಪ್ಲಾಟಿನಂ ಎಲ್ಲಿಂದ ಬರಬೇಕು? ಮುಗಿದುಹೋದ ಟಾರ್ಚ್ ಸೆಲ್ಲುಗಳನ್ನು ಒಡೆದು, ಒಳಗಿನ ಕಪ್ಪು ಇಂಗಾಲದ ಕಡ್ಡಿಗಳನ್ನೇ ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸುತ್ತಿದ್ದೆವು. ಗುಳ್ಳೆಗಳು ಎದ್ದವು, ಪಾಠ ಮುಗಿಯಿತು. ಅಷ್ಟರಲ್ಲಿ ಹುಡುಗನೊಬ್ಬ ಬ್ಯಾಟರಿಯನ್ನು ಕಳಚಿ, ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ, "ಸಾರ್, ಬ್ಯಾಟರಿ ಇಲ್ಲದಿದ್ರೂ ಮೀಟರಿನ ಮುಳ್ಳು ಓಡ್ತದೆ, ಅದೂ ಹಿಂದಕ್ಕೆ" ಎಂದ. ಗಂಟೆ ಬಾರಿಸುವ ಹೊತ್ತು. "ಮೀಟರು ಕೆಟ್ಟಿದೆ, ಕೂತ್ಕೊ" ಎಂದುಬಿಟ್ಟೆ.

ನಿವೃತ್ತನಾದ ಮೇಲೆ ವಿಜ್ಞಾನದ ಇತಿಹಾಸವನ್ನು ಓದುತ್ತ ಕುಳಿತಾಗ ಆ ಮಾತು ಮುಳ್ಳಿನಂತೆಯೇ ಚುಚ್ಚಿತು.

1839ರಲ್ಲಿ ವಿಲಿಯಂ ಗ್ರೋವ್ ಎಂಬಾತ ಗಮನಿಸಿದ್ದೂ ಇದನ್ನೇ. ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನೂ ಆದವನು. ಎರಡು ಪ್ಲಾಟಿನಂ ಪಟ್ಟಿಗಳ ಒಂದೊಂದು ತುದಿ ಆಮ್ಲದಲ್ಲಿದ್ದು, ಒಂದರ ಸುತ್ತ ಜಲಜನಕವೂ ಇನ್ನೊಂದರ ಸುತ್ತ ಆಮ್ಲಜನಕವೂ ತುಂಬಿದ್ದರೆ ಅವೆರಡೂ ಮರಳಿ ನೀರಾಗುತ್ತವೆ. ಆಗ ವಿದ್ಯುತ್ತು ಹರಿಯುತ್ತದೆ. ಬಾಸೆಲ್ ನಗರದ ಶೋನ್‌ಬೈನ್ ಕೂಡ ಅದೇ ಕಾಲದಲ್ಲಿ ಇದೇ ಜಾಡಿನಲ್ಲಿದ್ದ. 1842ರಲ್ಲಿ ಗ್ರೋವ್ ಇಂತಹ ಕೋಶಗಳನ್ನು ಸಾಲಾಗಿ ಜೋಡಿಸಿ, ಅವುಗಳಿಂದ ದೊರೆತ ವಿದ್ಯುತ್ತಿನಿಂದಲೇ ಮತ್ತೆ ನೀರನ್ನು ಒಡೆದು ತೋರಿಸಿದ. ಇಂಧನಕೋಶದ ಮೂಲ ಇದೇ.

ತೊಡಕಿರುವುದು ಆಮ್ಲಜನಕದ ಕಡೆಗೆ. ಜಲಜನಕ ತನ್ನ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆಮ್ಲಜನಕದ ಅಣುವಾದರೋ ಬಿಗಿಯಾದ ಜೋಡಿ. ಅದು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದರೆ ಮಾತ್ರ ನೀರಾಗುತ್ತದೆ. ಎರಡಕ್ಕೇ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಕೋಶವನ್ನೇ ಕೊರೆಯುತ್ತದೆ. ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಿಗಬೇಕಾದಲ್ಲಿ ಬಳಕೆಯಲ್ಲಿ 0.7ರ ಸುಮಾರಿಗೆ ಇಳಿಯುವುದಕ್ಕೆ ಈ ಹಟಮಾರಿತನವೇ ಮುಖ್ಯ ಕಾರಣ. ಅದನ್ನು ಚೆನ್ನಾಗಿ ಒಲಿಸಬಲ್ಲ ವೇಗವರ್ಧಕ ಪ್ಲಾಟಿನಂ. ಅದೋ ಅಪರೂಪದ ಲೋಹ. ಇಂಗ್ಲೆಂಡಿನ ಬೇಕನ್ ಕ್ಷಾರ ಮತ್ತು ನಿಕ್ಕಲ್ಲಿನಿಂದ ಅದನ್ನು ತಪ್ಪಿಸಿಕೊಂಡ. 1959ರಲ್ಲಿ ಅವನ ಯಂತ್ರ ಕೆಲಸಮಾಡಿ ತೋರಿಸಿತು. ಅದೇ ವಂಶದ ಕೋಶಗಳು ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಕೊಟ್ಟವು.

1964ರಲ್ಲಿ ಜಸಿನ್ಸ್ಕಿ ಎಂಬಾತ, ಕೋಬಾಲ್ಟ್ ಥ್ಯಾಲೋಸಯನೀನ್ ಎಂಬ ಸಂಯುಕ್ತ ಆಮ್ಲಜನಕವನ್ನು ಒಲಿಸಬಲ್ಲದೆಂದು ಪ್ರಕಟಿಸಿದ. ನೀಲಿ ಬಣ್ಣಗಳ ಬಳಗಕ್ಕೆ ಸೇರಿದ್ದು ಅದು. ಅದರ ಅಣುವಿನ ನಡುವೆ ಲೋಹ, ಸುತ್ತ ಸಾರಜನಕ. ನಮ್ಮ ರಕ್ತದ ಹೀಮ್‌ನ ದೂರದ ನೆಂಟನೆನ್ನಬಹುದು. ಇಂತಹವನ್ನು ಇಂಗಾಲದ ಪುಡಿಯ ಮೇಲೆ ಲೇಪಿಸಿ ಕಾಯಿಸಿದಾಗ ಚಟುವಟಿಕೆಯೂ ಬಾಳಿಕೆಯೂ ಹೆಚ್ಚಿತು. ಹಾಗಾದರೆ ಕೆಲಸ ಮಾಡುತ್ತಿರುವುದು ಲೋಹವೋ, ಸಾರಜನಕ ಬೆರೆತ ಇಂಗಾಲವೋ?

1991ರಲ್ಲಿ ಜಪಾನಿನ ಇಜಿಮಾ ಇಂಗಾಲದ ನ್ಯಾನೋನಳಿಕೆಗಳ ಕಡೆಗೆ ಲೋಕದ ಗಮನ ಸೆಳೆದರು. 2009ರಲ್ಲಿ ಅಮೆರಿಕದ ಡೇಟನ್ ವಿಶ್ವವಿದ್ಯಾಲಯದ ಲಿಮಿಂಗ್ ದಾಯ್ ತಂಡ, ಸಾರಜನಕ ಬೆರೆಸಿದ ನಳಿಕೆಗಳು ಕ್ಷಾರದ್ರವದಲ್ಲಿ ಪ್ಲಾಟಿನಂ ಅನ್ನೂ ಮೀರಿಸುತ್ತವೆಂದು ವರದಿಮಾಡಿತು. ಸಾರಜನಕ ತನ್ನ ನೆರೆಯ ಇಂಗಾಲದಿಂದ ಎಲೆಕ್ಟ್ರಾನುಗಳನ್ನು ತುಸು ತನ್ನೆಡೆಗೆ ಎಳೆಯುವುದರಿಂದ, ಆ ಇಂಗಾಲ ಆಮ್ಲಜನಕಕ್ಕೆ ಒಳ್ಳೆಯ ಪೀಠವಾಗುತ್ತದೆ ಎಂಬುದು ಅವರ ವಿವರಣೆ. ಅದೇ ವರ್ಷ ಕೆನಡಾದ ದೊದ್ಲೆ ತಂಡ ಕಬ್ಬಿಣ, ಸಾರಜನಕ, ಇಂಗಾಲ ಕೂಡಿಸಿ, ಆಮ್ಲೀಯ ಕೋಶದಲ್ಲಿಯೂ ಗಣನೀಯ ಫಲ ಪಡೆಯಿತು. ಅದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಸಾರಜನಕ, ಬೋರಾನ್ ಬೆರೆಸಿದ ಗ್ರ್ಯಾಫೀನ್ ತಯಾರಿಸಿ ಅದರ ಗುಣಗಳನ್ನು ಅಳೆಯುತ್ತಿತ್ತು.

ಲೋಹವೇ ಇಲ್ಲವೆಂದ ಇಂಗಾಲದಲ್ಲಿ ಕಬ್ಬಿಣದ ಕಣಗಳು ಉಳಿದಿಲ್ಲವೇ ಎಂಬ ಶಂಕೆ ಅನೇಕರಿಗೆ ಬಂತು, ನ್ಯಾಯವಾದ ಶಂಕೆಯೇ. ಆಮ್ಲದಲ್ಲಿ ಬಾಳಿಕೆ ಸಾಲದೆಂಬ ದೂರೂ ಹೋಗಿಲ್ಲ. 2014ರಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ಕಾರಿನ ಕೋಶವೂ ಪ್ಲಾಟಿನಂ ಅನ್ನೇ ನೆಚ್ಚಿತ್ತು.

ಪುಸ್ತಕ ಕೇಳಿದ ಪ್ಲಾಟಿನಂ ಇಲ್ಲವೆಂದು ನಾಚಿಕೊಂಡು ನಾನು ಬಳಸಿದ್ದು ಇಂಗಾಲ! ಆ ಕಡ್ಡಿಗಳಿಗೆ ಅಂಟಿದ್ದ ಗುಳ್ಳೆಗಳು ಮರಳಿ ನೀರಾಗಲು ಹೊರಟಾಗಲೇ ಆ ಮುಳ್ಳು ಓಡಿದ್ದು. ಆ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಅವನ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವನಿಗೆ ತಿಳಿಸಿ: ಅಂದು ಮೀಟರು ಕೆಟ್ಟಿರಲಿಲ್ಲ.